ಎರಡು ನಿಮಿಷಕ್ಕೊಮ್ಮೆ ಕೇಳುವ ಪೆಟ್ಟಿಗೆ

ಮಾರ್ಚ್ 3, ಸೋಮವಾರ

ಅತ್ತೆಯ ಮಂಡಿಗೆ ಎರಡು ಸ್ಕ್ರೂ, ನನ್ನ ತಲೆಗೆ ಒಂದು ಹೊಣೆ. ಮೊದಲನೆಯದನ್ನು ತಿರುಗಿಸಿದವರು ಮೂಳೆ ಡಾಕ್ಟರು. ಎರಡನೆಯದನ್ನು ತಿರುಗಿಸಿದವಳು ಸ್ವತಃ ಅತ್ತೆ.

ಅತ್ತೆ ಅಂದರೆ ಅಪ್ಪನ ಅಕ್ಕ, ರಂಗಮಂದಿರದವರಿಗೂ ಅತ್ತೆಯೇ. ಈ ರಂಗಮಂದಿರದಲ್ಲಿ ಮೂವತ್ತೊಂದು ವರ್ಷದಿಂದ ನಾಟಕ ನಡೆಸುವವಳು. ಬರೆಯುವವಳಲ್ಲ, ನಿರ್ದೇಶಿಸುವವಳಲ್ಲ, ಅಭಿನಯಿಸುವವಳು ಮೊದಲೇ ಅಲ್ಲ. ನಡೆಸುವವಳು. ಯಾವ ಕ್ಷಣಕ್ಕೆ ಪರದೆ ಏಳಬೇಕು, ಯಾವ ಕ್ಷಣಕ್ಕೆ ದೀಪ ಆರಬೇಕು, ಯಾವ ಕ್ಷಣಕ್ಕೆ ಗಂಟೆ ಹೊಡೆಯಬೇಕು, ಎಲ್ಲವನ್ನೂ "ಸಿದ್ಧ... ಬಿಡು" ಅಂತ ಹೇಳುವುದು ಅವಳೇ. ಇಷ್ಟು ವರ್ಷ ವೇದಿಕೆಯ ಹಿಂದೆ ಎಡಕ್ಕೂ ಬಲಕ್ಕೂ ಓಡಾಡಿ ಒಬ್ಬೊಬ್ಬರ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದಳು. ಈಗ ಮಂಡಿ ಮಡಚುವುದಿಲ್ಲ, ಅವಳು ಮಣಿಯುವುದಿಲ್ಲ.

ವ್ಯವಸ್ಥಾಪಕರು ಮಾತ್ರ ಮೊದಲೇ ನಿಶ್ಚಯಿಸಿಬಿಟ್ಟಿದ್ದರು. "ಮೇಡಂ, ನಮಗೆ ಓಡೋರು ಬೇಕು." ಬೇರೆ ಕಂಪನಿಯಲ್ಲಿ ಒಬ್ಬರನ್ನು ನೋಡಿಟ್ಟಿದ್ದಾರಂತೆ. ಅತ್ತೆ ಹೇಳಿದಳಂತೆ: "ಓಡಬೇಕಾದ್ದು ನಾಟಕ, ನಾನಲ್ಲ. ವೇದಿಕೆ ಕಾಣೋ ಪಕ್ಕದ ಕೋಣೇಲಿ ಕುರ್ಚಿ ಹಾಕಿಸಿ, ಎಲ್ಲರ ಕಿವಿಗೂ ಹೆಡ್‌ಸೆಟ್ ಹಾಕಿಸಿ. ಕೂತಲ್ಲೇ ನಡೆಸ್ತೀನಿ." ಕೊನೆಗೆ ಒಪ್ಪಂದವಾಯಿತು. ಮಾರ್ಚ್ 29, ಶನಿವಾರ ಮಧ್ಯಾಹ್ನ ಮೂರಕ್ಕೆ ಹೊಸ ನಾಟಕದ ಮೊದಲ ಪ್ರದರ್ಶನ. ಕುರ್ಚಿಯಲ್ಲಿ ಕೂತು ಅದನ್ನು ಒಂದೂ ಸೂಚನೆ ತಪ್ಪದೆ ದಡ ಸೇರಿಸಿದರೆ ಅತ್ತೆ ಉಳಿಯುತ್ತಾಳೆ. ತಪ್ಪಿದರೆ ಗೋಡೆ ಗಡಿಯಾರ ಕೊಟ್ಟು ಬೀಳ್ಕೊಡುತ್ತಾರೆ. ಮೂವತ್ತೊಂದು ವರ್ಷ ಸಮಯಕ್ಕೆ ಸರಿಯಾಗಿ ಬಂದವಳಿಗೆ ಗಡಿಯಾರ! ಮೀನಿಗೆ ಈಜು ಕಲಿಸಿ ಸರ್ಟಿಫಿಕೇಟು ಕೊಟ್ಟ ಹಾಗೆ.

ತಂತಿ ಎಳೆಯುವುದು ನನ್ನ ಕಸುಬು. ಮೈಕಟ್ಟೂ ಕಸುಬಿಗೆ ತಕ್ಕಂತಿದೆ. ಅದಕ್ಕೇ ಅತ್ತೆ ನನ್ನನ್ನು ಕರೆಯುವುದೇ ತಂತಿ ಅಂತ. "ತಂತಿ, ಆಗುತ್ತೇನೋ?" ಅಂದಳು. ಅವಳ ಪ್ರಶ್ನೆ ಮುಗಿಯುವ ಮೊದಲೇ ಆಗುತ್ತೆ ಅಂದೆ.

ಕೆಲಸ ಅಷ್ಟೇನೂ ಕಷ್ಟವಲ್ಲ. ಎಂಟು ಹೆಡ್‌ಸೆಟ್ಟು. ಅತ್ತೆ ಒಂದು ಸಲ ಮಾತಾಡಿದರೆ ಮಾತು ಒಂದೇ ಸಲ ತಂತಿಗೆ ಇಳಿಯುತ್ತದೆ, ಎಂಟು ಜನಕ್ಕೆ ಎಂಟು ಸಲ ಕಳಿಸಬೇಕಿಲ್ಲ. ಯಾರಿಗೆ ಬೇಕೋ ಅವರ ಹೆಡ್‌ಸೆಟ್ಟು "ನಾನೂ ಈ ಬಳಗಕ್ಕೆ ಸೇರಿದೆ" ಅಂತ ಒಂದು ಚೀಟಿ ಕಳಿಸುತ್ತದೆ. ಮಧ್ಯದಲ್ಲಿ ಕೂತ ಸ್ವಿಚ್ಚು, ಅಂದರೆ ತಂತಿಗಳನ್ನೆಲ್ಲ ಕೂಡಿಸುವ ಪೆಟ್ಟಿಗೆ, ಚೀಟಿ ಬಂದ ತಂತಿಗಳಿಗೆ ಮಾತ್ರ ಮಾತನ್ನು ನಕಲು ಮಾಡಿ ಬಿಡುತ್ತದೆ. ಹೊರಡುವಾಗ "ಬಿಟ್ಟೆ" ಅಂತ ಇನ್ನೊಂದು ಚೀಟಿ. ಪುಸ್ತಕದಲ್ಲಿ ಇದಕ್ಕೆ ಮಲ್ಟಿಕಾಸ್ಟ್ ಅನ್ನುತ್ತಾರೆ. ನಮ್ಮ ಬಂಧುಬಳಗಕ್ಕಿಂತ ಶಿಸ್ತು ಜಾಸ್ತಿ. ಹೇಳಿ ಸೇರುತ್ತಾರೆ, ಹೇಳಿ ಹೋಗುತ್ತಾರೆ.

ಹೊಸ ಸ್ವಿಚ್ಚು ಕೂರಿಸುವಾಗ ಮೆಟ್ಟಿಲ ಕೆಳಗೆ ಹಿಂದಿನವರು ಬಿಟ್ಟುಹೋದ ಒಂದು ಹಳೇ ಪೆಟ್ಟಿಗೆ ಸಿಕ್ಕಿತು. ಧೂಳು ಎಷ್ಟೆಂದರೆ ಬಿತ್ತನೆ ಮಾಡಬಹುದು. ಇದೇನು ಮಾಡುತ್ತೆ ಅಂತ ದಾಖಲೆ ತೆಗೆದು ನೋಡಿದರೆ ನಗು ಬಂತು. ಎರಡು ನಿಮಿಷ ಐದು ಸೆಕೆಂಡಿಗೊಮ್ಮೆ ಒಂದೇ ಪ್ರಶ್ನೆ: "ಯಾರು ಯಾವ ಬಳಗದಲ್ಲಿ ಇದ್ದೀರಿ?" ಹಗಲೂ ರಾತ್ರಿ ಇದೇ ಪಾಠ. ನಿವೃತ್ತರಾದ ಮೇಲೂ ಆಫೀಸಿಗೆ ಬಂದು ಎಲ್ಲರನ್ನೂ "ಆರಾಮಾ?" ಅಂತ ವಿಚಾರಿಸುವ ಹಿರಿಯರಂತೆ. ಕಿತ್ತು ಮೂಲೆಗಿಟ್ಟೆ.

ಮನೆಯಲ್ಲೂ ಅದೇ ಹುಮ್ಮಸ್ಸಿನಲ್ಲಿ ಊಟದ ಮೇಜನ್ನು ಕಿಟಕಿ ಪಕ್ಕಕ್ಕೆ ಎಳೆದುಬಿಟ್ಟೆ. ಇವಳು, ನನ್ನ ಹೆಂಡತಿ, ಏನೂ ಅನ್ನಲಿಲ್ಲ. ಅಂದರೆ ಒಪ್ಪಿಗೆ.

ಮಾರ್ಚ್ 5, ಬುಧವಾರ

ಪರೀಕ್ಷೆ ಮಾಡಿದೆ, ನಾನೇ ನೂರಕ್ಕೆ ನೂರು ಕೊಟ್ಟುಕೊಂಡೆ. ಎಂಟೂ ಹೆಡ್‌ಸೆಟ್ಟು ಹಾಕಿಸಿ "ಒಂದು, ಎರಡು, ಮೂರು, ಕೇಳ್ತಾ ಇದೆಯಾ?" ಅಂದೆ. ಎಲ್ಲರೂ ಕೇಳ್ತಿದೆ ಅಂದರು. ಮೂರು ನಿಮಿಷದಲ್ಲಿ ಮುಗಿಯಿತು.

ಅತ್ತೆ: "ಇಷ್ಟೇನಾ?"

"ಇಷ್ಟೇ. ಇದು ನಾಟಕ ಅಲ್ಲ ಅತ್ತೆ, ತಂತ್ರಜ್ಞಾನ. ಎರಡನೇ ಅಂಕ ಇರಲ್ಲ."

ಇನ್ನೊಂದು ಸಣ್ಣ ಜಾಣತನವನ್ನೂ ಮಾಡಿದೆ. ಯಾರಾದರೂ "ಬಿಟ್ಟೆ" ಅಂತ ಚೀಟಿ ಕಳಿಸಿದರೆ, "ಆ ಕಡೆ ಇನ್ನೂ ಯಾರಾದರೂ ಇದ್ದೀರಾ?" ಅಂತ ಒಮ್ಮೆ ಕೇಳಿ, ಎರಡು ಸೆಕೆಂಡು ಕಾದು, ಆಮೇಲೆ ಆ ತಂತಿಯನ್ನು ಕತ್ತರಿಸುವುದು ಹಳೇ ಪದ್ಧತಿ. ಕಾಯದೆ ತಕ್ಷಣ ಕತ್ತರಿಸು ಅನ್ನುವ ಅನುಕೂಲವೂ ಸ್ವಿಚ್ಚಿನಲ್ಲಿದೆ. ಹೋದವರು ಹೋದರು, ಕಾಯುವುದೇಕೆ? ಅದನ್ನೇ ಒತ್ತಿದೆ.

ವೇದಿಕೆಯ ಎದುರು, ಸಭಾಂಗಣದ ಹಿಂದೆ ಒಂದು ಗಾಜಿನ ಗೂಡಿದೆ. ಅಲ್ಲಿ ದೀಪದಣ್ಣ ಮತ್ತು ಸದ್ದಣ್ಣ ಮೊಣಕೈಗೆ ಮೊಣಕೈ ತಾಗಿಸಿ ಕೂರುತ್ತಾರೆ. ಒಬ್ಬರು ಬೆಳಕಿನವರು, ಇನ್ನೊಬ್ಬರು ಶಬ್ದದವರು. ಒಂಬತ್ತು ವರ್ಷದಿಂದ ಮಾತಿಲ್ಲ. ಕಾರಣ ಇಬ್ಬರಿಗೂ ಮರೆತಿದೆ, ಹಠ ಮಾತ್ರ ನೆನಪಿದೆ. ಗೂಡಿಗೆ ಒಂದೇ ತಂತಿ ಎಳೆದು, ಕೊನೆಯಲ್ಲಿ ಪುಟ್ಟ ಕವಲು ಪೆಟ್ಟಿಗೆ ಇಟ್ಟು ಇಬ್ಬರಿಗೂ ಹಂಚಿದೆ. ಒಬ್ಬರಿಗೊಬ್ಬರು ಏನನ್ನೂ ಹಂಚಿಕೊಳ್ಳದವರು ತಂತಿಯನ್ನಾದರೂ ಹಂಚಿಕೊಳ್ಳಲಿ.

ಮಾರ್ಚ್ 8, ಶನಿವಾರ

ಅಯ್ಯೋ.

ಮಾರ್ಚ್ 9, ಭಾನುವಾರ

ನಿನ್ನೆ ಬರೆಯಲು ಕೈ ಬರಲಿಲ್ಲ. ಇವತ್ತೂ ಅದೇ ಆದದ್ದರಿಂದ ಒಟ್ಟಿಗೇ ಬರೆದುಬಿಡುತ್ತೇನೆ.

ನಾಟಕ ರೈಲು ನಿಲ್ದಾಣದ ಕಳೆದುಹೋದ ಸಾಮಾನುಗಳ ಕಚೇರಿಯಲ್ಲಿ ನಡೆಯುತ್ತದೆ. ನಿನ್ನೆ ಮೊದಲ ಪೂರ್ಣ ತಾಲೀಮು. ಅತ್ತೆ ಕುರ್ಚಿಯಲ್ಲಿ ಕೂತು ಕೊರಳಲ್ಲಿದ್ದ ಸ್ಟಾಪ್‌ವಾಚ್ ಒತ್ತಿದಳು. ಪರದೆ ಎದ್ದಿತು, ದೀಪ ಬಂತು, ಗುಮಾಸ್ತನ ಪಾತ್ರದವರು ಆಕಳಿಸಿದರು. ಎಲ್ಲ ಸೊಗಸು. ನಾಲ್ಕು ನಿಮಿಷ ದಾಟಿದ್ದೇ ತಡ, ಎಲ್ಲರ ಕಿವಿಯೂ ಕಿವುಡು. ವಿಚಿತ್ರವೆಂದರೆ ಮಾತಾಡಲು ಬಳಗದಲ್ಲಿ ಇರಬೇಕೆಂದಿಲ್ಲ, ಕೇಳಲು ಮಾತ್ರ ಇರಬೇಕು. ಹಾಗಾಗಿ ಎಂಟು ಜನವೂ ಹೆಡ್‌ಸೆಟ್ಟಿನಲ್ಲಿ "ಹಲೋ, ಕೇಳಿಸ್ತಿಲ್ಲ, ಹಲೋ" ಅಂತ ಅರಚುತ್ತಿದ್ದರು. ಒಬ್ಬರದೂ ಒಬ್ಬರಿಗೆ ಕೇಳುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಆಸ್ತಿ ಮಾತುಕತೆ ನಡೆದದ್ದೂ ಹೀಗೆಯೇ.

ಹೆಡ್‌ಸೆಟ್ಟು ಆರಿಸಿ ಮತ್ತೆ ಹಾಕಿದರೆ ಸರಿ. ಮತ್ತೆ ನಾಲ್ಕು ನಿಮಿಷಕ್ಕೆ ಕಿವುಡು.

ಪರದೆ ಎಳೆಯುವ ಅಕ್ಕ ಬಂದು, "ತಂತಿಯಣ್ಣ, ಪ್ರೇಕ್ಷಕರಿಗೆ ಹೇಳ್ಬಿಡೋಣ, ಪ್ರತಿ ನಾಲ್ಕು ನಿಮಿಷಕ್ಕೆ ಮಧ್ಯಂತರ ಅಂತ," ಅಂದಳು. ಕ್ಯಾಂಟೀನಿನವರಿಗೆ ಲಾಭ.

ಅತ್ತೆ ನಗಲಿಲ್ಲ. ಇನ್ನು ಇಪ್ಪತ್ತು ದಿನ ಅಂದಳು, ಅಷ್ಟೇ.

ಮಾರ್ಚ್ 11, ಮಂಗಳವಾರ

ಗೋಡೆ ದಪ್ಪ ಅಂದೆ. ಹೆಡ್‌ಸೆಟ್ಟು ಸತ್ವವಿಲ್ಲದವು ಅಂದೆ. ಕ್ಯಾಂಟೀನಿನಲ್ಲಿ ಟೀ ಕಾಯಿಸುವ ಮೈಕ್ರೋವೇವ್ ಓವನ್ ಮೇಲೆ ಅನುಮಾನಪಟ್ಟು ಮೂರು ಗಂಟೆ ಅದನ್ನು ಆರಿಸಿಟ್ಟೆ. ಟೀ ಸಿಗದೆ ಇಡೀ ರಂಗಮಂದಿರ ನನ್ನ ಮೇಲೆ ಮುನಿಸಿಕೊಂಡಿತು. ಫಲ ಸೊನ್ನೆ.

ಸಂಜೆ ಅತ್ತೆ ತನ್ನ ಪುಸ್ತಕ ಮುಂದಿಟ್ಟಳು. ಮೂರು ದಿನದಿಂದ ಪ್ರತಿ ಸಲ ಕಿವುಡಾದ ಹೊತ್ತನ್ನು ಬರೆದಿಟ್ಟಿದ್ದಾಳೆ!

"ಇಲ್ನೋಡು. ನಾಲ್ಕು ನಿಮಿಷ ಇಪ್ಪತ್ತು. ನಾಲ್ಕು ಇಪ್ಪತ್ತು. ನಾಲ್ಕು ಇಪ್ಪತ್ತು. ಓವನ್ ಇದ್ದಾಗಲೂ ಅಷ್ಟೇ, ಇಲ್ಲದಾಗಲೂ ಅಷ್ಟೇ. ನಿನ್ನ ಯಂತ್ರಕ್ಕೆ ನನಗಿಂತ ಸಮಯಪಾಲನೆ ಜಾಸ್ತಿ ಕಣೋ."

"ಅತ್ತೆ, ಇದೆಲ್ಲ ಕಾಕತಾಳೀಯ, ನೀನು..."

"ಹತ್ತೊಂಬತ್ತು ಸಲ ಕಾಕತಾಳೀಯ ಆಗಲ್ಲ. ನಾನು ಹೇಳಿದ್ದನ್ನ ಪೂರ್ತಿ ಕೇಳೋ ಅಭ್ಯಾಸ ನಿಂಗೆ ಯಾವತ್ತು ಬರುತ್ತೆ?"

ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು. ಇನ್ನೂರ ಅರವತ್ತು ಸೆಕೆಂಡು. ಬಸ್ಸಿನಲ್ಲಿ ಬರುವಾಗ ಆ ಅಂಕಿ ತಲೆಯೊಳಗೆ ಉರುಳಾಡುತ್ತಿತ್ತು. ಮೂರನೇ ಸ್ಟಾಪಿನಲ್ಲಿ ಮೆಟ್ಟಿಲ ಕೆಳಗಿನ ಧೂಳು ನೆನಪಾಯಿತು.

ಮಾರ್ಚ್ 12, ಬುಧವಾರ

ತಪ್ಪೊಪ್ಪಿಗೆಯ ದಿನ.

ಸ್ವಿಚ್ಚಿಗೆ ಚೀಟಿ ಸಿಕ್ಕಿದ್ದು ಇನ್ನೂರ ಅರವತ್ತು ಸೆಕೆಂಡು ಮಾತ್ರ ನೆನಪಿರುತ್ತದೆ. ಅಷ್ಟರೊಳಗೆ ಹೊಸ ಚೀಟಿ ಬರದಿದ್ದರೆ "ಇವರು ಹೋಗಿರಬೇಕು" ಅಂದುಕೊಂಡು ತಂತಿಯನ್ನು ಬಳಗದಿಂದ ತೆಗೆಯುತ್ತದೆ. ಹೊಸ ಚೀಟಿ ಯಾವಾಗ ಬರುತ್ತದೆ? ಯಾರಾದರೂ ಕೇಳಿದಾಗ. ಹೆಡ್‌ಸೆಟ್ಟುಗಳು ಮರ್ಯಾದಸ್ಥರು, ಕೇಳದೆ ಮತ್ತೆ ಮತ್ತೆ ಬಾಯಿಬಿಡುವುದಿಲ್ಲ. ಕೇಳುತ್ತಿದ್ದದ್ದು ಯಾರು? ಮೆಟ್ಟಿಲ ಕೆಳಗಿನ ಹಳೇ ಪೆಟ್ಟಿಗೆ. ಅದನ್ನು ಕಿತ್ತದ್ದು ಯಾರು? ನೂರಕ್ಕೆ ನೂರು ಪಡೆದ ಮಹಾನುಭಾವರು. ಮೂರೇ ನಿಮಿಷ ಪರೀಕ್ಷೆ ಮಾಡಿ ಮೀಸೆ ತಿರುವಿದವರು.

ಧೂಳು ಒರೆಸಿ ಮತ್ತೆ ಜೋಡಿಸಿದೆ. ಅತ್ತೆಗೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಮೆಟ್ಟಿಲ ತನಕ ಕೋಲೂರಿಕೊಂಡು ಬಂದು ಪೆಟ್ಟಿಗೆಯನ್ನು ನೋಡಿದಳು.

"ಇದು ಬೇರೇನೂ ಮಾಡಲ್ವಾ?"

"ಇಲ್ಲ. ಇದ್ದೀರಾ ಇದ್ದೀರಾ ಅಂತ ಕೇಳುತ್ತೆ ಅಷ್ಟೇ."

"ಮತ್ತೆ ನಾನು ಮಾಡೋ ಕೆಲಸಾನೂ ಅದೇ ಅಲ್ವೇನೋ? ನನ್ನನ್ನೂ ಮೆಟ್ಟಿಲ ಕೆಳಗೇ ಕೂರಿಸಿಬಿಡು." ಅಂದು ಅಲ್ಲೇ ಮೊದಲ ಮೆಟ್ಟಿಲ ಮೇಲೆ ಕೂತು ನಕ್ಕಳು. ಎಬ್ಬಿಸಲು ಇಬ್ಬರು ಬೇಕಾಯಿತು.

ಕೇಳಿದ ತಕ್ಷಣ ಎಲ್ಲರೂ ಒಟ್ಟಿಗೆ ಕೂಗಿಬಿಟ್ಟರೆ ಗದ್ದಲ ಅಂತ, ಒಂದೊಂದು ಹೆಡ್‌ಸೆಟ್ಟೂ ಹತ್ತು ಸೆಕೆಂಡಿನೊಳಗೆ ತನಗೆ ತೋಚಿದಷ್ಟು ಹೊತ್ತು ಕಾದು ಉತ್ತರಿಸುತ್ತದಂತೆ. ಪಕ್ಕದವರು ಮೊದಲೇ "ಇದ್ದೀವಿ" ಅಂದದ್ದು ಕೇಳಿಸಿದರೆ ತಾನು ಸುಮ್ಮನಿರುತ್ತದೆ. ಇದನ್ನು ಮನೆಯಲ್ಲಿ ಇವಳಿಗೆ ಹೇಳಿದೆ. ಇವಳು ಶಾಲೆಯಲ್ಲಿ ಲೆಕ್ಕದ ಟೀಚರ್. "ನಮ್ಮ ಕ್ಲಾಸಿನ ಮಕ್ಕಳಿಗಿಂತ ವಾಸಿ," ಅಂದಳು. ಮುಂದೇನೋ ಹೇಳುವವಳಿದ್ದಳು, ನಾನು ಪೆಟ್ಟಿಗೆಯ ಕಥೆ ಮುಂದುವರಿಸಿದೆ.

ಮಾರ್ಚ್ 15, ಶನಿವಾರ

ಇಡೀ ಮೊದಲ ಅಂಕ ಕಿವುಡಿಲ್ಲದೆ ಸಾಗಿತು! ಐವತ್ತೆರಡು ನಿಮಿಷ! ಪರದೆಯಕ್ಕ ನನಗೆ ಟೀ ಕೊಡಿಸಿದಳು.

ಎರಡನೇ ಅಂಕದಲ್ಲಿ ರೈಲು ಬರಬೇಕು. ನಾಯಕಿ ಪ್ಲಾಟ್‌ಫಾರಮ್ಮಿನಲ್ಲಿ ಒಬ್ಬಳೇ ನಿಂತಿರುತ್ತಾಳೆ. ಇಂಜಿನ್ನಿನ ದೀಪ ಅವಳ ಮುಖದ ಮೇಲೆ ಹಾಯಬೇಕು, ಅದೇ ಕ್ಷಣ ರೈಲಿನ ಅಬ್ಬರ ಕೇಳಬೇಕು. ನಾಟಕದ ಪ್ರಾಣ ಆ ಒಂದು ಕ್ಷಣದಲ್ಲಿದೆ. ಅತ್ತೆ "ಬಿಡು" ಅಂದಳು. ದೀಪ ಹಾಯಿತು. ಸದ್ದಿಲ್ಲ. ಮೂಕ ರೈಲೊಂದು ಬಂದು, ನಿಂತು, ಹೋಯಿತು. ನಾಯಕಿ ಮೂಕ ರೈಲಿಗಾಗಿಯೇ ಅತ್ತಳು, ಪಾಪ, ವೃತ್ತಿಧರ್ಮ.

ಸದ್ದಣ್ಣನಿಗೆ ಏನೂ ಕೇಳಿಸಿರಲಿಲ್ಲ. ಎರಡು ನಿಮಿಷದೊಳಗೆ ತಾನಾಗಿ ಕಿವಿ ಬಂತು.

"ಅವನೇ ಏನೋ ಮಾಡ್ತಾನೆ," ಅಂದರು ಸದ್ದಣ್ಣ, ಪಕ್ಕದ ಕುರ್ಚಿಯತ್ತ ನೋಡದೆ.

"ನನ್ನ ಬೆರಳು ನನ್ನ ಗುಂಡಿ ಮೇಲಿತ್ತು ಅಂತ ಅವರಿಗೆ ಹೇಳಿ," ಅಂದರು ದೀಪದಣ್ಣ, ನನ್ನತ್ತ ನೋಡಿ. ಇಬ್ಬರ ನಡುವೆ ಒಂದು ಗೇಣು ಜಾಗವಿಲ್ಲ. ನಾನು ಇಬ್ಬರ ಮಾತನ್ನೂ ಆ ಗೇಣಿಲ್ಲದ ಜಾಗ ದಾಟಿಸಿದೆ.

ಮಾರ್ಚ್ 18, ಮಂಗಳವಾರ

ಇವತ್ತು ಎರಡನೇ ಸಾಲಿನಲ್ಲಿ ಒಬ್ಬರು ಕೂತಿದ್ದರು. ಕೈಯಲ್ಲಿ ಟಿಪ್ಪಣಿ ಪುಸ್ತಕ, ಕಾಲಲ್ಲಿ ಓಟದ ಬೂಟು. ಬೇರೆ ಕಂಪನಿಯವರು. ವ್ಯವಸ್ಥಾಪಕರು ಅವರಿಗೆ ವೇದಿಕೆಯ ಹಿಂಬದಿಯನ್ನೆಲ್ಲ ತೋರಿಸಿಕೊಂಡು ಬಂದರು. ಅತ್ತೆಯ ಕೋಣೆಗೂ ಬಂದರು. ಅತ್ತೆ ಎದ್ದು ನಿಲ್ಲಲು ನೋಡಿದಳು, ಆಗಲಿಲ್ಲ. ಆ ಮನುಷ್ಯರು ಬಹಳ ಸಜ್ಜನರು, "ಕೂತಿರಿ ಮೇಡಂ, ನಿಮ್ಮ ಹೆಸರು ಕೇಳಿದೀನಿ" ಅಂದರು. ಸಜ್ಜನರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಷ್ಟು ತ್ರಾಸ.

ಮೂಕ ರೈಲು ಇವತ್ತೂ ಬಂತು. ವ್ಯವಸ್ಥಾಪಕರ ಎದುರಿಗೇ.

ಅವರು ಹೋದ ಮೇಲೆ ಅತ್ತೆ ಪುಸ್ತಕದಲ್ಲಿ ಏನೋ ಬರೆಯುತ್ತಾ, "ತಂತಿ, ಆಗದಿದ್ದರೆ ಆಗಲ್ಲ ಅಂತ ಹೇಳಿಬಿಡು. ಬೇಜಾರಿಲ್ಲ," ಅಂದಳು. ಬೇಜಾರಿದೆ. ಅವಳ ಬರಹ ಯಾವತ್ತೂ ಗೆರೆಯ ಮೇಲೇ ಇರುತ್ತದೆ, ಇವತ್ತು ಗೆರೆ ಬಿಟ್ಟು ಕೆಳಗಿಳಿದಿತ್ತು.

ಮಾರ್ಚ್ 20, ಗುರುವಾರ

ಇವಳು ಹಾಸಿಗೆಯ ಮೇಲೆ ಕೂತು, ಮೊಣಕಾಲ ಮೇಲೆ ಮಣೆಯಿಟ್ಟು ಉತ್ತರಪತ್ರಿಕೆ ತಿದ್ದುತ್ತಿದ್ದಳು.

"ಮೇಜು ಇದೆಯಲ್ಲ?"

"ಕಿಟಕಿ ಪಕ್ಕ ಹಾಕಿದೀಯಲ್ಲ. ಸಂಜೆ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತೆ. ಹದಿನೇಳು ದಿನದಿಂದ ಇಲ್ಲೇ ತಿದ್ದುತ್ತಿದೀನಿ."

"ಮತ್ತೆ ಹೇಳೋದಲ್ವಾ?"

"ನೀನು ಕೇಳೋದಲ್ವಾ?"

ಇದಕ್ಕೆ ನನ್ನ ಹತ್ತಿರ ಒಂದು ಚಟಾಕಿ ತಯಾರಿತ್ತು. ಅದನ್ನು ನಾಳೆಗಿಟ್ಟು ಹಾಸಿಗೆಯ ಅಂಚಿನಲ್ಲಿ ಕೂತೆ. ಅವಳೇ ಮುಂದುವರಿಸಿದಳು. ತರಗತಿಯಲ್ಲಿ ಪ್ರಶ್ನೆ ಕೇಳಿದ ಮೇಲೆ ಅವಳು ಮನಸ್ಸಿನಲ್ಲೇ ಹತ್ತು ಎಣಿಸುತ್ತಾಳಂತೆ. ಮೊದಲ ಮೂರಕ್ಕೆ ಬಾಯಿಬಡುಕರು ಕೈ ಎತ್ತುತ್ತಾರೆ. ಏಳರ ಮೇಲೆ ಎತ್ತುವವರಿಗೇ ನಿಜವಾದ ಉತ್ತರ ಗೊತ್ತಿರುತ್ತದೆ. "ಮುಂದಿನ ಬೆಂಚಿನವನು ಹೇಳಿಬಿಟ್ಟರೆ ಹಿಂದಿನ ಬೆಂಚಿನವನು ಸುಮ್ಮನಾಗಿಬಿಡ್ತಾನೆ. ಅವನು ಇಲ್ಲ ಅಂತಲ್ಲ. ಅವನನ್ನ ಬೇರೆಯಾಗಿ ಕೇಳಬೇಕು."

ಮೇಜನ್ನು ಎಲ್ಲಿಡೋಣ ಅಂದೆ. ಮನಸ್ಸಿನಲ್ಲಿ ಎಣಿಸಿದೆ. ಆರಕ್ಕೆ ಉತ್ತರ ಬಂತು: ಅಡುಗೆಮನೆ ಗೋಡೆಗೆ ತಾಗಿಸಿ. ಎಳೆದೆ. ನನ್ನ ಬೆನ್ನು ಹಿಡಿದುಕೊಂಡಿದೆ.

ಮಾರ್ಚ್ 21, ಶುಕ್ರವಾರ

ಬೆಳಗ್ಗೆಯಿಂದ ಸಂಜೆವರೆಗೆ ಗಾಜಿನ ಗೂಡಿನಲ್ಲಿ ಇಬ್ಬರು ಮೌನಿಗಳ ನಡುವೆ ಸ್ಟೂಲು ಹಾಕಿಕೊಂಡು ಕೂತೆ. ಸ್ಯಾಂಡ್‌ವಿಚ್ಚಿನೊಳಗಿನ ಸೌತೆಕಾಯಿಯ ಮನಸ್ಥಿತಿ ಗೊತ್ತಾಯಿತು.

ಸದ್ದಣ್ಣನನ್ನು ಕೇಳಿದೆ: "ಕಿವಿ ಹೋಗೋಕೆ ಮುಂಚೆ ಏನಾಗುತ್ತೆ?"

ಸಾಮಾನ್ಯವಾಗಿ ಇಲ್ಲಿ ನಾನೇ ನಾಲ್ಕು ಊಹೆ ಮಾಡಿ ಒಂದನ್ನು ಅವರ ಬಾಯಿಗೆ ತುರುಕುತ್ತಿದ್ದೆ. ಇವತ್ತು ಸೋಮಾರಿತನ. ಸುಮ್ಮನೆ ಕೂತೆ. ಅವರು ತಲೆ ಕೆರೆದರು, ಕನ್ನಡಕ ಒರೆಸಿದರು, ಆಮೇಲೆ ನಿಧಾನವಾಗಿ ಹೇಳಿದರು: "ಅವನು ಟೀ ಕುಡಿಯೋಕೆ ಹೋಗ್ತಾನೆ."

ಅಷ್ಟೇ. ಆರು ದಿನದಿಂದ ಅವರಿಗೆ ಗೊತ್ತಿದ್ದ ಸಂಗತಿ. ದ್ವೇಷದಿಂದ ಹೇಳುತ್ತಿದ್ದಾರೆ ಅಂದುಕೊಂಡಿದ್ದೆವು, ವಿವರ ಹೇಳುತ್ತಿದ್ದರು!

ರೈಲು ಬರುವ ಮುಂಚೆ ದೀಪದಣ್ಣನಿಗೆ ಏಳು ನಿಮಿಷ ಕೆಲಸವಿಲ್ಲ. ಐದೂವರೆ ನಿಮಿಷ ತಡೆದುಕೊಂಡು ಕೂತು, ಆಮೇಲೆ ಹೆಡ್‌ಸೆಟ್ಟು ಆರಿಸಿ ಬಾಗಿಲಾಚೆಯ ಫ್ಲಾಸ್ಕಿನ ಟೀಗೆ ಹೋಗುತ್ತಾರೆ, ರೈಲಿನ ಹೊತ್ತಿಗೆ ಓಡಿಬಂದು, ಅದನ್ನು ಮತ್ತೆ ಹಾಕಿಕೊಳ್ಳದೆ ಗಡಿಯಾರ ನೋಡಿ ದೀಪ ಬಿಡುತ್ತಾರೆ. ಹೆಡ್‌ಸೆಟ್ಟು ಆರಿಸಿದ ಕ್ಷಣ "ಬಿಟ್ಟೆ" ಅಂತ ಚೀಟಿ ಹೋಗುತ್ತದೆ. ಗೂಡಿಗಿರುವುದು ಒಂದೇ ತಂತಿ. ಸ್ವಿಚ್ಚು, "ಆ ಕಡೆ ಇನ್ನೂ ಯಾರಾದರೂ ಇದ್ದೀರಾ?" ಅಂತ ಕೇಳಿದ್ದರೆ ಸದ್ದಣ್ಣನ ಹೆಡ್‌ಸೆಟ್ಟು "ನಾನಿದ್ದೀನಿ" ಅನ್ನುತ್ತಿತ್ತು. ಕೇಳದೆಯೇ ತಂತಿ ಕತ್ತರಿಸು ಅಂತ ಗುಂಡಿ ಒತ್ತಿದ್ದು ಯಾರು? ಇನ್ನೊಮ್ಮೆ ಆ ಮಹಾನುಭಾವರ ಹೆಸರು ಹೇಳುವುದಿಲ್ಲ.

ಹೋಗುವವನು ಒಬ್ಬ, ಕಿವುಡಾಗುವವನು ಇನ್ನೊಬ್ಬ. ಎರಡು ನಿಮಿಷದೊಳಗೆ ಮೆಟ್ಟಿಲ ಕೆಳಗಿನ ಹಿರಿಯರು ತಮ್ಮ ಸುತ್ತಿನಲ್ಲಿ ವಿಚಾರಿಸಿದಾಗ ಸದ್ದಣ್ಣ ಮತ್ತೆ ಬಳಗಕ್ಕೆ. ಆಗ ರೈಲು ಹೋಗಿರುತ್ತದೆ.

ಗುಂಡಿಯನ್ನು ಹಿಂದಕ್ಕೆ ತಿರುಗಿಸಿದೆ. ಆಮೇಲೆ ದೀಪದಣ್ಣನನ್ನು ಹದಿನೆಂಟು ಸಲ ಟೀಗೆ ಕಳಿಸಿ ಹದಿನೆಂಟು ಸಲವೂ ಸದ್ದಣ್ಣನನ್ನು ಕೇಳಿದೆ. ಹದಿನೆಂಟು ಸಲವೂ ಕಿವಿ ಇತ್ತು. ಹನ್ನೊಂದನೆಯ ಟೀ ಆದಮೇಲೆ ದೀಪದಣ್ಣ ಬರೀ ಹೊರಗೆ ಹೋಗಿ ನಿಂತು ಬರುತ್ತಿದ್ದರು.

ಮಾರ್ಚ್ 25, ಮಂಗಳವಾರ

ನಾಲ್ಕು ತಾಲೀಮು, ನಾಲ್ಕೂ ರೈಲಿಗೆ ಬಾಯಿ ಬಂದಿದೆ. ಇವತ್ತು ಸದ್ದಣ್ಣ ಎಷ್ಟು ಜೋರಾಗಿ ರೈಲು ಬಿಟ್ಟರೆಂದರೆ ಪರದೆಯಕ್ಕ ಹಗ್ಗ ಬಿಟ್ಟು ಪಕ್ಕಕ್ಕೆ ಸರಿದು ನಿಂತಳಂತೆ.

ನಾನು ಹೋಗಿ ಇಬ್ಬರಿಗೂ, ತಪ್ಪು ನನ್ನದು, ನಿಮ್ಮಲ್ಲಿ ಯಾರದೂ ಅಲ್ಲ ಅಂದೆ. ಇಬ್ಬರಿಗೂ ನಿರಾಸೆಯಾದಂತೆ ಕಂಡಿತು. ಒಂಬತ್ತು ವರ್ಷದ ಜಗಳಕ್ಕೆ ಸಿಕ್ಕಿದ್ದ ಏಕೈಕ ಸಾಕ್ಷಿಯನ್ನು ನಾನೇ ಕಿತ್ತುಕೊಂಡೆ.

ಮಾರ್ಚ್ 28, ಶುಕ್ರವಾರ

ನಾಳೆ. ಅತ್ತೆಗೆ ಕುರ್ಚಿಯ ಎತ್ತರ ಸರಿಯಿದೆಯಾ ಅಂತ ಕೇಳಿದೆ. "ಎರಡು ಇಂಚು ತಗ್ಗಿಸು. ಮೊದಲ ದಿನದಿಂದ ಕಾಲು ನೇತಾಡ್ತಿದೆ," ಅಂದಳು. ತಗ್ಗಿಸಿದೆ.

ಮಾರ್ಚ್ 29, ಶನಿವಾರ

ಈಗ ಸಂಜೆ ಏಳು. ಚಪ್ಪಲಿ ಬಿಚ್ಚುವ ಮೊದಲೇ ಬರೆಯಲು ಕೂತಿದ್ದೇನೆ, ಅಕ್ಷರ ಕೆಟ್ಟದ್ದಕ್ಕೆ ಕ್ಷಮೆ ಕೇಳಲು ಇಲ್ಲಿ ಯಾರೂ ಇಲ್ಲ.

ಸಭಾಂಗಣ ತುಂಬಿತ್ತು. ವ್ಯವಸ್ಥಾಪಕರು ಅತ್ತೆಯ ಕೋಣೆಯ ಬಾಗಿಲಿಗೆ ಒರಗಿ, ತಾವೂ ಒಂದು ಹೆಡ್‌ಸೆಟ್ಟು ಹಾಕಿಕೊಂಡು ನಿಂತರು. ನಾನು ಅತ್ತೆಯ ಹಿಂದೆ, ನೆಲದ ಮೇಲೆ. ಮೂರಕ್ಕೆ ಸರಿಯಾಗಿ ಅತ್ತೆ ಸ್ಟಾಪ್‌ವಾಚ್ ಒತ್ತಿದಳು. ಮೊದಲ ಅಂಕ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಹೋಯಿತು.

ಎರಡನೇ ಅಂಕ. ರೈಲಿಗೆ ಇನ್ನೂ ಆರು ನಿಮಿಷ. ದೀಪದಣ್ಣನ ದನಿ: "ಅತ್ತೆ, ಮುಂದಿನ ಸಾಲಿನ ಮೂರನೇ ದೀಪ ಸಡಿಲ ಆಗಿದೆ, ಜನರ ತಲೆ ಮೇಲೇ ಇದೆ. ಮೇಲೆ ಹತ್ತಿ ಬಿಗಿ ಮಾಡಿ ಬರ್ತೀನಿ." ಹೆಡ್‌ಸೆಟ್ಟು ಆರಿಸಿ ಹೋದರು. ಏಣಿಯ ಮೇಲೆ ತಂತಿ ಸಿಕ್ಕಿಕೊಂಡರೆ ಕಷ್ಟ, ಸರಿಯೇ. ಆದರೆ ಮೇಲೆ ಏನಾಯಿತೋ, ಐದು ನಿಮಿಷವಾದರೂ ಇಳಿಯಲಿಲ್ಲ.

ನಾಯಕಿ ಪ್ಲಾಟ್‌ಫಾರಮ್ಮಿಗೆ ಬಂದಳು. ಸೂಟ್‌ಕೇಸು ಕೆಳಗಿಟ್ಟಳು.

"ರೈಲು, ಸಿದ್ಧ," ಅಂದಳು ಅತ್ತೆ. "ದೀಪ, ಇದ್ದೀಯಾ?"

ಉತ್ತರವಿಲ್ಲ. ವ್ಯವಸ್ಥಾಪಕರು ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಬಂದರು. "ಯಾರನ್ನಾದರೂ ಓಡಿಸಿ ಮೇಡಂ!"

ಅತ್ತೆ ಕೈ ಎತ್ತಿ ಅವರನ್ನು ಸುಮ್ಮನಿರಿಸಿದಳು. ಅದೇ ದನಿ, ಅದೇ ನಿಧಾನ: "ಗೂಡಿನಲ್ಲಿ ಯಾರಾದರೂ ಇದ್ದೀರಾ?"

ಒಂದು. ಎರಡು. ಮೂರು. ವೇದಿಕೆಯಲ್ಲಿ ನಾಯಕಿ ಸೂಟ್‌ಕೇಸು ತೆರೆದು ಏನನ್ನೋ ಹುಡುಕತೊಡಗಿದಳು. ನಾಟಕದಲ್ಲಿ ಹಾಗಿಲ್ಲ. ಪುಣ್ಯಾತ್ಗಿತ್ತಿ. ನಾಲ್ಕು. ಐದು. ನನ್ನ ಬಾಯಲ್ಲಿ ನೂರು ಸಲಹೆಗಳಿದ್ದವು. ಒಂದನ್ನೂ ಬಿಡಲಿಲ್ಲ. ಆರು.

"ನಾನಿದ್ದೀನಿ ಅತ್ತೆ," ಸದ್ದಣ್ಣನ ದನಿ. "ದೀಪಾನೂ ನಾನೇ ಬಿಡ್ತೀನಿ."

"ಗುಂಡಿ ಗೊತ್ತಾ?"

"ಒಂಬತ್ತು ವರ್ಷದಿಂದ ಅವನ ಕೈನೇ ನೋಡ್ತಿದೀನಿ, ಎಲ್ಲಾದ್ರೂ ತಪ್ಪು ಮಾಡ್ತಾನಾ ಅಂತ. ಗೊತ್ತಿಲ್ಲದೆ ಏನು?"

ಅತ್ತೆ ಕಣ್ಣು ಮುಚ್ಚಿದಳು. "ಬಿಡು."

ನಾಯಕಿಯ ಮುಖದ ಮೇಲೆ ಬೆಳಕು ಹಾಯಿತು, ಅದೇ ಉಸಿರಿನಲ್ಲಿ ರೈಲು ಅಬ್ಬರಿಸಿತು. ಬಲಗೈಯಲ್ಲಿ ಸದ್ದು, ಎಡಗೈಯಲ್ಲಿ ಬೆಳಕು. ಇಷ್ಟು ದಿನದಲ್ಲಿ ಎರಡೂ ಇಷ್ಟು ಒಟ್ಟಿಗೆ ಬಂದದ್ದು ಇವತ್ತೇ. ಮುನ್ನೂರು ಜನ ಉಸಿರು ಬಿಗಿಹಿಡಿದದ್ದು ಗೋಡೆಯಾಚೆಯಿಂದಲೂ ಕೇಳಿಸಿತು.

ಪರದೆ ಬಿದ್ದ ಮೇಲೆ ಗೂಡಿಗೆ ಓಡಿದೆ. ದೀಪದಣ್ಣ ಮೈಯೆಲ್ಲ ಧೂಳಾಗಿ ನಿಂತಿದ್ದರು. ಸಡಿಲವಾದ ದೀಪವನ್ನು ಕೈಬಿಡಲಾಗದೆ ಮೇಲಿನಿಂದಲೇ ಎಲ್ಲ ನೋಡಿದ್ದರಂತೆ. ಸದ್ದಣ್ಣನನ್ನು ನೇರವಾಗಿ ನೋಡಿ, ಒಂಬತ್ತು ವರ್ಷದಲ್ಲಿ ಮೊದಲ ಸಲ ಹೇಳಿದರು: "ಅರ್ಧ ಸೆಕೆಂಡು ಬೇಗ ಬಿಟ್ಟೆ."

"ನೀನು ಅರ್ಧ ಸೆಕೆಂಡು ತಡ ಬಿಡ್ತಿದ್ದೆ," ಅಂದರು ಸದ್ದಣ್ಣ.

ಜಗಳ ಈಗ ಆರೋಗ್ಯವಾಗಿದೆ.

ಮಾರ್ಚ್ 31, ಸೋಮವಾರ

ಬೆಳಗ್ಗೆ ವ್ಯವಸ್ಥಾಪಕರು ಕರೆಸಿದರು. ಅತ್ತೆಯ ಹೆಸರಿನ ಆದೇಶಪತ್ರ ಮೇಜಿನ ಮೇಲಿತ್ತು, ಇಡೀ ಸೀಸನ್ನಿಗೆ. "ಮೇಡಂ, ಶನಿವಾರ ನಾನಾಗಿದ್ದರೆ ಓಡಿಬಿಡ್ತಿದ್ದೆ," ಅಂದರು. ಒಳ್ಳೆಯ ಮನುಷ್ಯ, ಒಪ್ಪಿಕೊಂಡರು.

ಅತ್ತೆ ಪತ್ರವನ್ನು ಎರಡು ಸಲ ಓದಿದಳು. "ಆ ಬೂಟಿನವರನ್ನೂ ಕರೆಸಿ. ಪಕ್ಕದಲ್ಲಿ ಕೂರಿಸ್ಕೊಂ‌ಡು ಕಲಿಸ್ತೀನಿ. ಆದರೆ ಒಂದು ಮಾತು. ನಾನು ಬಿಟ್ಟುಹೋಗೋ ದಿನ ನಾನೇ ಬಾಯ್ಬಿಟ್ಟು ಹೇಳ್ತೀನಿ. ಅಲ್ಲಿವರೆಗೂ ನಾನು ಇದ್ದೀನಿ ಅಂತಲೇ ತಿಳ್ಕೊಳ್ಳಿ."

ವ್ಯವಸ್ಥಾಪಕರು ಎದ್ದು ನಿಂತು ಆಯಿತು ಅಂದರು.

ಹೊರಗೆ ಬಂದ ಮೇಲೆ ಅತ್ತೆ ನನ್ನ ಕಡೆ ತಿರುಗಿದಳು. ನನ್ನ ಕೆಲಸ ಶನಿವಾರಕ್ಕೆ ಮುಗಿದಿದೆ. ಸೀಸನ್ ಪೂರ್ತಿ ತಂತಿ ನೋಡಿಕೊಳ್ಳಲು ಒಬ್ಬರು ಬೇಕು, ವಾರಕ್ಕೆ ಐದು ಸಂಜೆ.

"ನೀನು ಇರ್ತೀಯೇನೋ?"

ಇರ್ತೀನಿ ಅಂತ ಬಾಯಿ ತನಕ ಬಂತು. "ನಾಳೆ ಹೇಳ್ತೀನಿ ಅತ್ತೆ, ಮನೇಲಿ ಕೇಳಬೇಕು," ಅಂದೆ.

ಅತ್ತೆ ನನ್ನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ.

ಸಂಜೆ ಇವಳಿಗೆ ಎಲ್ಲ ಹೇಳಿದೆ. ವಾರಕ್ಕೆ ಐದು ಸಂಜೆ ನಾನಿರುವುದಿಲ್ಲ, ಏನನ್ನಿಸುತ್ತೆ ಅಂದೆ. ಇವಳು ಕೆಂಪು ಪೆನ್ನು ಕೆಳಗಿಟ್ಟು "ಯೋಚಿಸಿ ಹೇಳ್ತೀನಿ," ಅಂತ ಒಳಗೆ ಹೋದಳು. ಹತ್ತು ಎಣಿಕೆ ಯಾವಾಗಲೋ ಮುಗಿದಿದೆ. ಎಲ್ಲಿಗೆ ಬಂತೋ ಲೆಕ್ಕ ಬಿಟ್ಟುಹೋಯಿತು. ಮೇಜಿನ ಮುಂದೆ ಕೂತು ಇದನ್ನು ಬರೆಯುತ್ತಿದ್ದೇನೆ. ಗೋಡೆಯ ಪಕ್ಕ ಬೆಳಕು ನಿಜವಾಗಿಯೂ ಚೆನ್ನಾಗಿದೆ.

ಈಗ ಒಳಗಿನಿಂದ ದನಿ ಬಂತು: "ಅಲ್ಲೇ ಇದ್ದೀಯಾ?"

ಇದ್ದೀನಿ ಅಂದೆ.